ಐಸ್ ಲಾರಿ ಬಂದಾಗಲೇ ಹ್ಯಾಂಗ್ ಆಗುವ ಕಂಪ್ಯೂಟರ್

ನನ್ನ ಕಂಪ್ಯೂಟರಿಗೆ ಐಸ್ ಆಗಿಬರುವುದಿಲ್ಲ. ನಗಬೇಡಿ. ಎರಡು ವಾರ ನಾನು ಇದನ್ನು ಮನಸಾರೆ ನಂಬಿದ್ದೆ.

ಹಡಪಸರ ದಾಟಿ ಸೋಲಾಪುರ ರಸ್ತೆಯಲ್ಲಿ ನನ್ನದೊಂದು ಕಾಟಾ ಇರುವುದು ಹಳೆಯ ಓದುಗರಿಗೆ ಗೊತ್ತೇ ಇದೆ. (ಹೊಸಬರಿಗೆ: ಲಾರಿಯನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು.) ತೂಕ ಆಫೀಸಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿಯಾಗಿ ಮೂಡುತ್ತದೆ. ಪೆಟ್ಟಿಗೆಯಿಂದ ಒಂದು ವೈರು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ. ಕಂಪ್ಯೂಟರು ಅಂಕಿ ಓದಿ ಚೀಟಿ ಪ್ರಿಂಟ್ ಮಾಡುತ್ತದೆ. ಕೈಯಲ್ಲಿ ಬರೆದ ಚೀಟಿಯನ್ನು ಈಗ ಯಾವ ವ್ಯಾಪಾರಿಯೂ ಮೂಸಿ ನೋಡುವುದಿಲ್ಲ.

ಕಳೆದ ತಿಂಗಳು ಹೊಸ ಕಂಪ್ಯೂಟರ್ ತಂದೆ. ಚೌಕಾಸಿ ಮಾಡಿ ಮಾಡಿ ಅಂಗಡಿಯವನನ್ನು ಸುಸ್ತು ಹೊಡೆಸಿ, ಕಾಟಾದ ಸಾಫ್ಟ್‌ವೇರನ್ನು ಪುಕ್ಕಟೆ ಹಾಕಿಸಿಕೊಂಡೆ. (ನನ್ನ ಸಲಹೆ: ಪುಕ್ಕಟೆ ಬಂದದ್ದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ.) ಮರಳಿನ ಲಾರಿ ಬಂತು, ಚೀಟಿ ಬಂತು. ಕಬ್ಬು ಬಂತು, ಚೀಟಿ ಬಂತು. ಮಲ್ಲಕ್ಕನ ಐಸ್ ಲಾರಿ ಬಂತು.

ಹ್ಯಾಂಗ್!

ಮಲ್ಲಕ್ಕ ಇಂಡಿ ಕಡೆಯವರು. ಫ್ಯಾಕ್ಟರಿಯಿಂದ ಐಸ್ ಗಡ್ಡೆ ತುಂಬಿಸಿ, ಲಾರಿಯ ಮುಂದಿನ ಸೀಟಿನಲ್ಲಿ ತಾವೇ ಕೂತು, ಮೀನಿನ ವ್ಯಾಪಾರಿಗಳಿಗೆ ಮುಟ್ಟಿಸುತ್ತಾರೆ. ಮೊದಲ ಎರಡು ಸಲ ನಾನು ಪ್ಲಗ್ ಕಿತ್ತು ಮತ್ತೆ ಹಾಕಿ ಹೇಗೋ ಚೀಟಿ ತೆಗೆದುಕೊಟ್ಟೆ. ಮೂರನೆಯ ಸಲ, ಮೊನ್ನೆ ಮಂಗಳವಾರ ಮಟಮಟ ಮಧ್ಯಾಹ್ನ, ಪ್ಲಗ್ಗಿಗೂ ಬಗ್ಗಲಿಲ್ಲ. ಕಂಪ್ಯೂಟರ್ ಶುರುವಾಗುತ್ತದೆ, ತೂಕ ಕೇಳಿದ ಕೂಡಲೇ ಕಲ್ಲಾಗುತ್ತದೆ.

"ಏನ್ರಿ ಅಣ್ಣಾರ, ಕಂಪ್ಯೂಟರ್‌ಗೆ ನೆಗಡಿ ಆಗ್ಯದೇನ್ರಿ?"

"ಐದ ಮಿನಿಟ್ ಅಕ್ಕಾ. ಚಹಾ ತಗೋರಿ."

"ಚಹಾ ನನಗ ಬ್ಯಾಡ್ರಿ. ಅಲ್ಲಿ ನೋಡ್ರಿ, ನನ್ನ ಮಾಲು ಹನಿ ಹನಿ ಹೊಂಟದ. ಮೀನಿನ ಸೇಠ ಚೀಟಿ ಮ್ಯಾಲಿನ ತೂಕಕ್ಕಷ್ಟ ರೊಕ್ಕ ಕೊಡಾಂವ."

ನಿಜ. ಲಾರಿಯ ಕೆಳಗೆ ನೀರು ಹರಿಯುತ್ತಿತ್ತು. ಬೇರೆ ಕಾಟಾಕ್ಕೆ ಹೋಗಿ ಎನ್ನಬೇಕಿತ್ತು. ಎನ್ನಲಿಲ್ಲ. ಗಿರಾಕಿಯನ್ನು ಎದುರಾಳಿಯ ಮನೆಗೆ ಯಾರಾದರೂ ಕೈಯಾರೆ ಕಳಿಸುತ್ತಾರೆಯೇ?

ಅಷ್ಟರಲ್ಲಿ ಸಲಹೆಗಾರರು ಸೇರಿದರು. ಪಕ್ಕದ ಗ್ಯಾರೇಜಿನ ಶಿಂದೆಯದು ಖಚಿತ ತೀರ್ಮಾನ: "ಶೇಠ, ತ್ಯಾಲಾ ಥಂಡೀ ಲಾಗಲೀ!" ಕಂಪ್ಯೂಟರಿಗೆ ಐಸಿನ ಥಂಡಿ ಹತ್ತಿದೆಯಂತೆ. ನಾನು ಮನೆಯಿಂದ ಹೆಂಡತಿಯ ಶಾಲು ತರಿಸಿ ಕಂಪ್ಯೂಟರಿಗೆ ಹೊದಿಸಿದೆ. (ಹೌದು, ಹೊದಿಸಿದೆ. ಮೂರು ಸಲವೂ ಐಸ್ ಲಾರಿಯೇ ಇದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ?)

ಕಡೆಗೆ ಮಹಡಿಯ ಬಾಡಿಗೆದಾರ ಪ್ರಶಾಂತನನ್ನು ಕರೆದೆ. ಬೆಂಗಳೂರಿನವನು, ಇಲ್ಲಿ ಐಟಿ ಆಫೀಸಿನಲ್ಲಿ ಕರ್ನಲ್ ರಿಪೇರಿಯೇ ಅವನ ಕೆಲಸ. ಕರ್ನಲ್ ಎಂದರೆ ಇಡೀ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಂ. ಅವನು ಶಾಲು ನೋಡಿದ. ಮಡಚಿ ಪಕ್ಕಕ್ಕಿಟ್ಟ. ಟಕಟಕ ಕುಟ್ಟಿದ.

"ಸಾರ್, ಸೀರಿಯಲ್ ಪೋರ್ಟ್ ನೋಡ್ಕೊಳ್ಳೋ ಡ್ರೈವರ್ ಸಾಫ್ಟ್‌ವೇರ್ ಇದ್ಯಲ್ಲ, ಅದು ಕರ್ನಲ್ ಒಳಗೆ ಮಲಗಿಬಿಟ್ಟಿದೆ. ಪೆಟ್ಟಿಗೆಯಿಂದ ತೂಕ ಬರ್ಲಿ ಅಂತ ಕಾಯ್ತಿದೆ."

"ಎಬ್ಬಸ್ರಿ."

"ಏಳಲ್ಲ. ಕಿಲ್ ಕಮಾಂಡ್ ಕೊಟ್ರೂ ಸಾಯಲ್ಲ."

"ಎಷ್ಟೊತ್ತು ಕಾಯತದ?"

"ಎಷ್ಟೊತ್ತಾದ್ರೂ. ಇಷ್ಟು ಹೊತ್ತು ಕಾದು ಬಿಟ್ಬಿಡು ಅಂತ ಬರೆದವನು ಟೈಮ್‌ಔಟೇ ಇಟ್ಟಿಲ್ಲ ಸಾರ್."

"ಅರ್ಧ ಉತ್ತರ ಕೊಟ್ರ ನಡೀತದೇನ್ರಿ? ಒಂದು ರೌಂಡ್ ಫಿಗರ್?" ಎಂದೆ. ಕೇಳುವುದರಲ್ಲಿ ಏನು ಹೋಗುತ್ತದೆ?

ಅವನು ಪೆಟ್ಟಿಗೆಯ ಕೆಂಪು ಅಂಕಿ ನೋಡಿದ. ಅದು ಕುಣಿಯುತ್ತಿತ್ತು. ಅಂಕಿ ಒಂದೆಡೆ ನಿಂತರೆ ಮಾತ್ರ ಪೆಟ್ಟಿಗೆ ಉತ್ತರ ಕಳಿಸುತ್ತದೆ. ಕಿಟಕಿಯಿಂದ ಹೊರಗೆ ನೋಡಿದ. ಕಬ್ಬಿಣದ ಹಾಸಿನ ಮೇಲೆ, ಲಾರಿಯ ಸುತ್ತ, ಏಳು ಮಂದಿ ಸಲಹೆಗಾರರು. ಒಬ್ಬ ಬಾಟಲಿಗೆ ಐಸ್ ಚೂರು ತುಂಬುತ್ತಿದ್ದ. ಒಬ್ಬ ಐಸಿಗೆ ಹೊದಿಸಿದ ತಣ್ಣನೆ ಗೋಣಿಗೆ ಕೆನ್ನೆ ಒತ್ತಿದ್ದ. ಶಿಂದೆ ಯೋಚಿಸುತ್ತ ಅತ್ತಿಂದಿತ್ತ ತಿರುಗುತ್ತಿದ್ದ. ಅವನ ಒಂದೊಂದು ಹೆಜ್ಜೆಗೂ ಅಂಕಿ ಜಿಗಿಯುತ್ತಿತ್ತು. ಮರಳಿನ ಲಾರಿಯ ಸುತ್ತ ಯಾರು ಹೀಗೆ ಸೇರುತ್ತಾರೆ ಹೇಳಿ?

ಪ್ರಶಾಂತ ಕಿಟಕಿಗೆ ಬಾಗಿ ಕೂಗಿದ: "ಕೋಯಿ ಹಿಲನಾ ಮತ್!"

ಯಾರೂ ಅಲುಗಾಡಲಿಲ್ಲ. ಹಾಸಿನ ಮೇಲೆಯೇ, ನಿಂತವರು ನಿಂತ ಹಾಗೆ, ಶಿಲೆಗಳಂತೆ ನಿಂತರು. ಶಿಂದೆಯ ಒಂದು ಕಾಲು ಗಾಳಿಯಲ್ಲಿ. ಅಂಕಿ ನಿಂತಿತು. ಡ್ರೈವರ್ ಎದ್ದಿತು. ಪ್ರಿಂಟರ್ ಕರಕರ ಎಂದಿತು. ಚಪ್ಪಾಳೆ!

ಮಲ್ಲಕ್ಕ ಚೀಟಿ ಕಸಿದುಕೊಂಡು ಓದಿದರು. ಮುಖ ಅರಳಿತು. "ಬರೋಬರಿ ಅದ, ಬರ್ತೀನ್ರಿ."

"ಅಕ್ಕಾ, ತಡೀರಿ. ಅದರಾಗ ಏಳು ಮಂದಿ ತೂಕ ಸೇರ್ಯದ."

"ಸೇರಲಿ ಬಿಡ್ರಿ. ನನ್ನ ಐಸ್ ಅವರ ಹೊಟ್ಟ್ಯಾಗ ಅದ ಅಲ್ಲೇನ್ರಿ?"

ಒಂದು ಕ್ಷಣ ನನಗೂ ನ್ಯಾಯ ಎನ್ನಿಸಿತು. ಆದರೆ ಕಾಟಾ ಒಮ್ಮೆ ಏಳಾಳಿನಷ್ಟು ಸುಳ್ಳು ಹೇಳಿದರೆ ನಾಳೆ ಯಾವ ಲಾರಿ ಇತ್ತ ತಿರುಗೀತು? ಎಲ್ಲರನ್ನೂ ಇಳಿಸಿ ಮತ್ತೊಮ್ಮೆ ತೂಗಿದೆ. ಎರಡೇ ಸೆಕೆಂಡಿಗೆ ಚೀಟಿ. ಹಳೆಯದನ್ನು ಹರಿದೆ.

ಹೊಸ ಚೀಟಿ ಕೊಡಲು ನಾನು ಹಾಸಿನ ಮೇಲೆ ಬಂದರೆ, ಮಲ್ಲಕ್ಕ ಎದುರಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಹಂಗಾರ ಕರಗಿದ್ದರ ರೊಕ್ಕ ಯಾರ ಕೊಡತಾರ್ರಿ? ತಡಾ ಮಾಡಿದಾವ್ರು ನೀವು."

ತಪ್ಪು ನನ್ನದೇ. ಇಂಥ ಹೊತ್ತಿನಲ್ಲಿ ಕೊಡಬೇಕೋ ಬೇಡವೋ ಎಂದು ವಾದಿಸಬೇಡಿ, ಎಷ್ಟು ಎಂಬುದರ ಮೇಲೆ ಚೌಕಾಸಿ ಮಾಡಿ. ಆದರೆ ಎಷ್ಟು? ಲಾರಿ ಬಂದಾಗ ಅಂಕಿ ಎಷ್ಟಿತ್ತೆಂದು ಯಾರೂ ಬರೆದುಕೊಂಡಿರಲಿಲ್ಲ. ಏಳು ಮಂದಿಯನ್ನು ಕೇಳಿದೆ. ಏಳು ಅಂಕಿ ಹೇಳಿದರು.

"ಒಂದು ಕ್ವಿಂಟಲ್ ಹೋಗ್ಯದ," ಎಂದರು ಮಲ್ಲಕ್ಕ, ನೀರಿನತ್ತ ಬೆರಳು ಮಾಡಿ.

"ಇಪ್ಪತ್ತ ಕಿಲೋ. ಅದೂ ಭಾಳಾತು," ಎಂದೆ, ಉಳಿದ ಗಡ್ಡೆಗಳತ್ತ ಬೆರಳು ಮಾಡಿ.

ಅವರು ಅಂಕಿ ಇಳಿಸಿದರು, ನಾನು ಏರಿಸಿದೆ. ಐವತ್ತಕ್ಕೆ ಮುಗಿಯಿತು. ನನ್ನ ಕಾಲಡಿ ಆಗಲೇ ಹರಿದುಹೋಗಿದ್ದ ಐವತ್ತು ಕಿಲೋ ಐಸನ್ನು ನಾನು ಕೊಂಡೆ. ಒಳಗೆ ಪ್ರಶಾಂತ ಡ್ರೈವರಿಗೆ ಹತ್ತು ಸೆಕೆಂಡಿನ ಟೈಮ್‌ಔಟ್ ಬರೆಯುತ್ತಿದ್ದ.

ಅರವತ್ತು ಟನ್ ತೂಗುವ ಎಲೆಕ್ಟ್ರಾನಿಕ್ ಕಾಟಾದ ಮೇಲೆಯೇ ನಿಂತು, ಇಬ್ಬರು ಕಣ್ಣಂದಾಜಿನಲ್ಲಿ ತೂಕ ಮಾಡಿಕೊಂಡದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?