ಹಾಜಿಮಲಂಗ ಮ್ಯಾನಿಫೋಲ್ಡ್ ಬಿಚ್ಚಿದ ದಿನ

ದೇವರ ಹಿಪ್ಪರಗಿಯ ಲಾರಿ ಅಡ್ಡೆಯಲ್ಲಿ ಒಂದು ಬೇವಿನ ಮರ. ಅದರ ಈ ಮಗ್ಗುಲಲ್ಲಿ ನನ್ನ ಹೊಲಿಗೆ ಮಶೀನು, ಆ ಮಗ್ಗುಲಲ್ಲಿ ಹಾಜಿಮಲಂಗ ಮಿಸ್ತ್ರಿಯ ಪಾನಾ, ಸುತ್ತಿಗೆ, ಜಾಕು. ದಿನಕ್ಕೆ ಒಂದಾದರೂ ಜಗಳ ನಮ್ಮಿಬ್ಬರ ನಡುವೆ ಆಗದಿದ್ದರೆ ಚಹಾದಂಗಡಿಯವನು ಎದ್ದು ಬಂದು, "ಯಾಕ್ರಿ, ಯಾರಿಗರ ಮೈಯಾಗ ಆರಾಮಿಲ್ಲೇನು?" ಎಂದು ವಿಚಾರಿಸುತ್ತಿದ್ದ. ನಾನು ಶ್ರೀಶೈಲಪ್ಪ, ದರ್ಜಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆದರೆ ಹಾಜಿಮಲಂಗನ ಮೇಲೆ ನನ್ನಷ್ಟು ಸಿಟ್ಟಾದವರೂ ಇಲ್ಲ, ನನ್ನಷ್ಟು ಪ್ರೀತಿ ಮಾಡಿದವರೂ ಇಲ್ಲ.

ಆಳು ಬಾಗಿಲಿಗಿಂತ ಎತ್ತರ. ಮಾತು ಅದಕ್ಕಿಂತ ಎತ್ತರ. ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. "ಇದು ನನ್ನ ಕೂಡ ಮಾತಾಡತೈತಿ, ಸುಮ್ಮ ಕೂಡು" ಎಂದು ನನ್ನ ಮಶೀನಿನ ಸಪ್ಪಳವನ್ನೂ ನಿಲ್ಲಿಸುತ್ತಿದ್ದ. ಮಾತಾಡುತ್ತಿತ್ತೋ ಇಲ್ಲವೋ, ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಕೆಟ್ಟು ನಿಂತ ಲಾರಿಯೆಲ್ಲ ಅವನ ಹೆಸರೇ ಕೂಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಈ ಪುಣ್ಯಾತ್ಮ ಮನೆಯ ಜೋಡೆತ್ತು ಮಾರಿದ. ಹೊಲವನ್ನು ಪಾಲಿಗೆ ಹಾಕಿದ. ಅಡತಿ ವ್ಯಾಪಾರದ ರಾಚಪ್ಪನೊಂದಿಗೆ ಸೇರಿ ಹಳೆಯ ಡೀಸೆಲ್ ಲಾರಿಯೊಂದನ್ನು ತರುವುದೆಂದು ಹೊರಟ. ಲಾರಿ ಇನ್ನೂ ಸೋಲಾಪುರದಲ್ಲಿತ್ತು, ಇವನು ಆಗಲೇ ನನ್ನಿಂದ ಅದರ ಕಿಡಕಿಗೆ ಕೆಂಪು ಪರದೆ ಹೊಲಿಸಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ! ಅವನ ತಾಯಿ ಪೀರಬಿ ಎತ್ತಿನ ಕೊರಳು ತಬ್ಬಿಕೊಂಡು ಅತ್ತಳು. ಆಮೇಲೆ ಮಗನೊಂದಿಗೆ ಬಹಳ ದಿನ ಮಾತೇ ಬಿಟ್ಟಳು. ಲಾರಿ ಬಂದು ಅಂಗಳದಲ್ಲಿ ನಿಂತಾಗ ಒಂದು ಸುತ್ತು ಹಾಕಿ ನೋಡಿ, ಮಗನಿಗೆ ಕೇಳಿದ್ದು ಒಂದೇ ಮಾತು: "ಸೋಮವಾರ ಇದಕ್ಕ ಸೂಟಿ ಐತಿಲ್ಲೋ?" ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ತಾಯಿ ಬಾಯಿಬಿಟ್ಟಳಲ್ಲ ಎಂಬ ಖುಷಿಗೆ ಹಾಜಿಮಲಂಗ ಒಪ್ಪಿದ. ಸೋಮವಾರವೆಲ್ಲ ಲಾರಿ ಅಂಗಳದಲ್ಲೇ ನಿಲ್ಲುತ್ತಿತ್ತು, ಅವನು ಮಧ್ಯಾಹ್ನದವರೆಗೆ ಮಲಗುತ್ತಿದ್ದ.

ಮಳೆಗಾಲ ಅರ್ಧ ಕಳೆಯಿತು ನೋಡಿ, ಲಾರಿಗೆ ದಮ್ಮು ಹಿಡಿಯಿತು. ಕರಿ ಹೊಗೆ, ಕುಂಟು ಸಪ್ಪಳ. ಅದು ಚಾಲೂ ಆದ ಕೂಡಲೇ ಅಡ್ಡೆಯ ತುಂಬ ಎಂಥದೋ ಕರಿದ ವಾಸನೆ. ಚಹಾದಂಗಡಿಗೆ ಬಂದವರು ಮಿರ್ಚಿ ಭಜಿ ಕೇಳತೊಡಗಿದರು. ಕೊನೆಗೆ ಹೆಸರುಕಾಳಿನ ಚೀಲ ಹೇರಿಕೊಂಡು ಇಂಗಳೇಶ್ವರದ ಏರಿನಲ್ಲಿ ನಿಂತೇಬಿಟ್ಟಿತು. ಮಾಲು ಮಳೆಯಲ್ಲಿ ನೆನೆಯಿತು, ಗಾಡಿಯನ್ನು ಅಡ್ಡೆಗೆ ಎಳೆದು ತರಬೇಕಾಯಿತು.

ರಾಚಪ್ಪ ಅಡ್ಡೆಗೆ ಬಂದು ಎಲ್ಲರೆದುರು ಹೇಳಿದ: "ಸಂತಿ ದಿನ ಗಾಡಿ ಕೊಳ್ಳಾಕ ಸೋಲಾಪುರದಾಂವ ಒಬ್ಬ ಬರಾಕತ್ತಾನ. ಅಷ್ಟರಾಗ ಮಾಲು ಹೇರಿ ಆ ಏರು ಹತ್ತಿಸಿ ತೋರ್ಸು. ಇಲ್ಲಂದ್ರ ಗಾಡಿ ಅವಗ ಕೊಟ್ಟುಬಿಡ್ತೇನಿ."

ಹಾಜಿಮಲಂಗನಿಗೆ ಅತ್ತ ದರಿ, ಇತ್ತ ಪುಲಿ. ಲಾರಿ ಹೋದರೆ ಮನೆಯಲ್ಲಿ ಎತ್ತೂ ಇಲ್ಲ, ಗಾಡಿಯೂ ಇಲ್ಲ. ತಾಯಿಗೆ ಯಾವ ಮುಖ ತೋರಿಸುವುದು? ಎರಡು ದಿನ ಫಿಲ್ಟರ್ ತೊಳೆದ, ಪಂಪು ನೋಡಿದ, ಹಲ್ಲಿಗೆ ಸ್ಕ್ರೂಡ್ರೈವರ್ ಕಚ್ಚಿದ. ಆಮೇಲೆ ಸಂತೆಯ ದಿನ ಬೆಳಿಗ್ಗೆ ಅಂಗಿ ಕಳಚಿ ಮರಕ್ಕೆ ತೂಗುಹಾಕಿ, "ಶಿರೀಶೈಲ, ಮ್ಯಾನಿಫೋಲ್ಡ್ ಬಿಚ್ಚತೇನಿ!" ಎಂದು ಕೂಗಿದ.

ಮ್ಯಾನಿಫೋಲ್ಡ್ ಎಂದರೆ ಇಂಜಿನ್ನಿನ ಬಾಯಿಗಳಿಗೆಲ್ಲ ಗಾಳಿ ಹಂಚುವ ಬೀಡುಕಬ್ಬಿಣದ ಕೊಳವೆ. ಇಂಜೆಕ್ಟರ್ ಎಂದರೆ ಡೀಸೆಲ್ಲನ್ನು ಮಂಜು ಮಾಡಿ ಇಂಜಿನ್ನಿನೊಳಗೆ ಊದುವ ಸಣ್ಣ ಮೂತಿ. ಆ ಲಾರಿಯಲ್ಲಿ ಇಂಜೆಕ್ಟರುಗಳ ಮೇಲೆ ಈ ಮ್ಯಾನಿಫೋಲ್ಡ್ ಕಾವಿಗೆ ಕೂತ ಕೋಳಿಯ ಹಾಗೆ ಕೂತಿತ್ತು. ಕೋಳಿ ಎಬ್ಬಿಸದೆ ಮೊಟ್ಟೆ ನೋಡುವಂತಿಲ್ಲ. ಇಷ್ಟನ್ನು ನಾನು ಕಲಿತದ್ದು ಅವತ್ತೇ. ನನ್ನ ಮಶೀನಿನ ಮೇಲೆ ಅರ್ಧ ಹೊಲಿದ ಜಂಪರು ಹಾಗೇ ಉಳಿಯಿತು.

ಸಂತೆಗೆ ಬಂದವರೆಲ್ಲ ಅಡ್ಡೆಗೇ ಬಂದರು. ಜಂಗು ಹಿಡಿದ ನಟ್ಟುಗಳು ಜಪ್ಪಯ್ಯ ಅಂದರೂ ಅಲುಗವು. ಚಿಮಣಿ ಎಣ್ಣೆ ಸುರಿದ, ಬೈದ, ಮುದ್ದು ಮಾಡಿದ, ಮತ್ತೆ ಬೈದ. ಕಡೆಯ ನಟ್ಟು ಕಿರ್ರೆಂದು ತಿರುಗಿದಾಗ ಜನ ಸಿಳ್ಳೆ ಹಾಕಿದರು. ಮ್ಯಾನಿಫೋಲ್ಡ್ ಎದ್ದು ಬಂತು, ಜೊತೆಗೆ ಅದರ ಕೆಳಗಿನ ಗ್ಯಾಸ್ಕೆಟ್ಟು ಹರಿದು ಚಿಂದಿಯಾಗಿ ಬಂತು. ಗಾಳಿ ಸೋರದಂತೆ ನಡುವೆ ಕೂರುವ ಹಾಳೆ ಅದು. ಹೊಸದು ಬೇಕೆಂದರೆ ವಿಜಾಪುರಕ್ಕೆ ಹೋಗಬೇಕು!

"ಸರಿ ಆಕಡೆ!" ಎಂದೆ ನಾನು. ದಪ್ಪ ರಟ್ಟು ತಂದು, ಮ್ಯಾನಿಫೋಲ್ಡಿನ ಮೈಗೆ ಒತ್ತಿ ಅಳತೆ ತೆಗೆದು, ನನ್ನ ದೊಡ್ಡ ಕತ್ತರಿಯಿಂದ ಒಂದೊಂದೇ ಕಿಂಡಿ ಕತ್ತರಿಸಿದೆ. ಕುಪ್ಪಸದ ಕಂಕುಳಿಗಿಂತ ಕಷ್ಟವೇನೂ ಅಲ್ಲ. ಹಾಜಿಮಲಂಗ ಇಟ್ಟು ನೋಡಿ ನನ್ನ ಬೆನ್ನಿಗೆ ಗುದ್ದಿದ. ಅವನಿಂದ ಶಭಾಸು ಅಂದರೆ ಅಷ್ಟೇ.

ಈಗ ಇಂಜೆಕ್ಟರುಗಳ ಸರದಿ. ಒಂದೊಂದನ್ನೇ ಕಿತ್ತು, ಮೂತಿ ಹೊರಗೆ ಮಾಡಿ, ಅದರ ನಳಿಗೆಗೆ ಮತ್ತೆ ಜೋಡಿಸಿದ. "ಯಾರೂ ಕೈ ಒಡ್ಡಬ್ಯಾಡ್ರಿ, ಡೀಸೆಲ್ಲು ತೊಗಲು ತೂರಿ ಹೊಕ್ಕತೈತಿ! ಹೊಡಿ ಹ್ಯಾಂಡಲ್!" ರಾಚಪ್ಪನ ಹಮಾಲ ಹ್ಯಾಂಡಲ್ ತಿರುವಿದ. ಮೊದಲನೆಯದು ಚೀಂಕ್ ಎಂದು ತೆಳ್ಳಗೆ ಮಂಜು ಊದಿತು. "ಇದು ಜೀವಂತ ಐತಿ!" ಜನ ಕೂಗಿತು. ಮುಂದಿನದು ತೊಟ್ಟಿಕ್ಕಿತು, ಸೋರುವ ಗಡಿಗೆಯಂತೆ. ಅದರ ಮುಂದಿನದೂ ತೊಟ್ಟಿಕ್ಕಿತು. ಉಳಿದವು ಅಷ್ಟೂ ಇಲ್ಲ, ಬಾಯಿ ಬಿಗಿದುಕೊಂಡು ಕೂತವು.

ಸತ್ತದ್ದೊಂದನ್ನು ಬಿಚ್ಚಿದಾಗ ಒಳಗಿನ ಸೂಜಿಯಂಥ ಮುಳ್ಳು ಅಂಟಿಕೊಂಡು ಕೂತಿತ್ತು. ಮೈಗೆಲ್ಲ ಕಂದು ಬಣ್ಣದ ಗೋಂದು. ಹಾಜಿಮಲಂಗ ಉಗುರಿನಿಂದ ಕೆರೆದು ನೋಡಿ ತಲೆ ಕೆರೆದುಕೊಂಡ. "ಡೀಸೆಲ್ ಹಿಂಗ ಗಟ್ಟಿ ಆಗೂದಿಲ್ಲಪಾ!"

ನಾನು ಕುಣಿದೇಬಿಟ್ಟೆ. "ಹಾಜ್ಯಾ! ಇದನ್ನ ನಾ ಕಂಡೀನೋ! ನಮ್ಮನಿಯಾಕಿ ಒಮ್ಮೆ ನನ್ನ ಮಶೀನಿಗೆ ಅಡಗಿ ಎಣ್ಣಿ ಬಿಟ್ಟಿದ್ಲು. ಹಿಂಗ ಅಂಟು ಆಗಿ ಚಕ್ರನ ತಿರಗಲಿಲ್ಲ. ಇದು ಕುಸುಬಿ ಎಣ್ಣಿ!"

ಅವನು ಗೋಂದನ್ನು ಮೂಸಿದ. ನಾಲಿಗೆಗೆ ಇಟ್ಟ. ಮಿರ್ಚಿ ಭಜಿಯ ಗುಟ್ಟು ಆಗ ಎಲ್ಲರಿಗೂ ಬಿಚ್ಚಿಕೊಂಡಿತು.

ರಾಚಪ್ಪ ಕೆಂಡವಾದ. "ನನ್ನ ಗಾಡಿಗೆ ಎಣ್ಣಿ ಹಾಕಿದಾಂವ ಯಾಂವ? ಮುಂದ ಬಾ! ಅವನ ಕೈ ಮುರೀತೇನಿ!"

"ನಾನ ಹಾಕೀನಿ. ಮುರಿ ಬಾ."

ಜನ ಹಿಂದೆ ಸರಿಯಿತು. ರೊಟ್ಟಿಯ ಗಂಟು ಹಿಡಿದು ಪೀರಬಿ ನಿಂತಿದ್ದಳು. ಮಗನಿಗೆ ಬುತ್ತಿ ತಂದಿದ್ದಳು. "ಎತ್ತು ಮಾರಿ ತಂದ ಜಾನವಾರ ಅದು. ನನ್ನ ಮಗನ್ನ ಹೊತ್ಗೊಂಡು ಊರೂರು ತಿರಗತೈತಿ. ಕಾರಹುಣ್ಣಿವಿಗೆ ಊರಾಗಿನ ಎತ್ತೆಲ್ಲ ಎಣ್ಣಿ ಕುಡದ್ವು, ಇದನ್ನ ಹೆಂಗ ಬರೇ ಹೊಟ್ಟೀಲೆ ಬಿಡಲಿ? ಗೊಟ್ಟದಾಗ ಕುಡಿಸಿದೆ. ಆಮ್ಯಾಲ ಸೋಮವಾರಕ್ಕೊಮ್ಮೆ ಒಂದೊಂದು ಗೊಟ್ಟ."

ಗೊಟ್ಟ ಎಂದರೆ ಎತ್ತಿನ ಗಂಟಲಿಗೆ ಎಣ್ಣೆ ಇಳಿಸುವ ಬಿದಿರಿನ ಕೊಳವೆ. ಜೋಡೆತ್ತು ಮಾರಿದ ಮೇಲೂ ಅದು ಅವಳ ಮನೆಯ ಗೂಟದಲ್ಲಿ ನೇತಾಡುತ್ತಿದ್ದುದನ್ನು ನಾನೇ ಕಂಡಿದ್ದೆ. ಯಾರೂ ನಗಲಿಲ್ಲ. ಹಾಜಿಮಲಂಗ ನೆಲ ನೋಡುತ್ತ ನಿಂತ.

ರಾಚಪ್ಪನ ಮನೆಯಲ್ಲೂ ಎತ್ತುಗಳಿದ್ದವು. ಅವನು ಮುದುಕಿಯ ಕಡೆ ತಿರುಗಿದ. ಆಮೇಲೆ ದನಿ ಇಳಿಸಿ, "ಮೊದಲ ಏರು ಹತ್ತಲಿ, ಆಯಿ. ಆಮ್ಯಾಲ ಕೈ ವಿಚಾರ ಮಾಡೂಣು" ಎಂದ.

ಸರಿ, ಹತ್ತಿಸಿದೆವು! ಡೀಸೆಲ್ ಟಾಕಿ ಬರಿದು ಮಾಡಿ ತೊಳೆದದ್ದಾಯಿತು, ಇಂಜೆಕ್ಟರುಗಳನ್ನು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ್ದಾಯಿತು. ಮೂತಿಯ ತೂತಿಗೆ ನಾನು ಸೂಜಿ ಕೊಟ್ಟರೆ, "ತೂತು ದೊಡ್ಡದು ಮಾಡಿ ಕೊಲ್ಲತಿ ಏನು?" ಎಂದು ಹಾಜಿಮಲಂಗ ಬೈದು, ತಂತಿಯ ಒಂದೇ ಎಳೆಯಿಂದ ಬಿಡಿಸಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಚೀಂಕ್ ಚೀಂಕ್ ಎಂದು ಮಂಜು ಊದಿದವು. ನನ್ನ ರಟ್ಟಿನ ಗ್ಯಾಸ್ಕೆಟ್ಟಿನ ಮೇಲೆ ಮ್ಯಾನಿಫೋಲ್ಡ್ ಕೂತಿತು. ಚೀಲ ಹೇರಿದರು. ಕ್ಯಾಬಿನ್ನಿನಲ್ಲಿ ರಾಚಪ್ಪ ಮತ್ತು ಸೋಲಾಪುರದವನು, ಚೀಲಗಳ ಮೇಲೆ ನಾನು.

ಇಂಗಳೇಶ್ವರದ ಏರು ಬಂತು. ಮೊದಲು ನಿಂತ ಜಾಗ ಬಂತು. ನಾನು ಕಣ್ಣು ಮುಚ್ಚಿದೆ. ಸಪ್ಪಳ ಒಮ್ಮೆ ಕುಂದಿತು, ಅಯ್ಯೋ ಅನ್ನುವಷ್ಟರಲ್ಲಿ ಹಾಜಿಮಲಂಗ ಗೇರು ಬದಲಿಸಿದ, ಲಾರಿ ಗುಂಯ್ ಎಂದು ಎಳೆಯಿತು, ಎಳೆಯಿತು, ನೆತ್ತಿಗೇ ಹತ್ತಿಬಿಟ್ಟಿತು! ಖುಷಿಗೆ ನಾನು ಟೊಪ್ಪಿಗೆ ತೂರಿದೆ. ಅದು ಇವತ್ತಿಗೂ ಸಿಕ್ಕಿಲ್ಲ. ಮೇಲೆ ಗಾಡಿ ನಿಲ್ಲಿಸಿದಾಗ ರಾಚಪ್ಪ ಸೋಲಾಪುರದವನಿಗೆ, "ಮನಿ ಎತ್ತು ಮಾರೂದಿಲ್ರಿ" ಎಂದ.

ಮರು ವರ್ಷ ಕಾರಹುಣ್ಣಿಮೆಯ ದಿನ ಹಾಜಿಮಲಂಗನ ಅಂಗಳದಲ್ಲಿ ನಾನೂ ಇದ್ದೆ. ಲಾರಿ ತೊಳೆದು, ಕೆಂಪು ಪರದೆ ಒಗೆದು ಕಟ್ಟಿದ್ದ. ಟಾಕಿಯ ಬಾಯಿಗೆ ಬೀಗ ಬಿದ್ದಿತ್ತು. ಪೀರಬಿ ಬಾಗಿಲಲ್ಲಿ ಕೂತು ಆ ಬೀಗವನ್ನೇ ನೋಡುತ್ತಿದ್ದಳು. ಕೈ ಎರಡೂ ಮಡಿಲಲ್ಲಿದ್ದವು. ಹಾಜಿಮಲಂಗ ಒಳಗೆ ಹೋಗಿ ಗೂಟದಿಂದ ಗೊಟ್ಟ ತೆಗೆದು, ಎಣ್ಣೆ ತುಂಬಿ ತಂದು ಅವಳ ಕೈಗೆ ಕೊಟ್ಟ. ಅವಳ ಮುಂದೆ ನೆಲಕ್ಕೆ ಮೊಣಕಾಲೂರಿದ.

"ಯವ್ವಾ, ಅದು ಬರೇ ಗಾಡಿ. ಎತ್ತು ನಾನು. ನನಗ ಕುಡಸು."

ಮುದುಕಿ ಮುಖ ಅತ್ತ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಲಾರಿಯ ಗಾಲಿ ನೋಡುವ ನೆವ ಮಾಡಿದೆ. ತಿರುಗಿ ನೋಡಿದಾಗ ಅವಳು ಎಡಗೈಯಲ್ಲಿ ಮಗನ ಗದ್ದ ಎತ್ತಿ ಹಿಡಿದು, ಗೊಟ್ಟವನ್ನು ಮೆಲ್ಲಗೆ ಬಗ್ಗಿಸುತ್ತ, "ಹೋ, ಹೋ, ನುಂಗಪ್ಪ, ನುಂಗು" ಎನ್ನುತ್ತಿದ್ದಳು.