ದಾನಮ್ಮನ ಪಗಾರದ ಮಾತು

ಅಮೀನಗಡದ ದಾನಮ್ಮ ಹತ್ತೊಂಬತ್ತು ವರ್ಷ ಒಂದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕರದಂಟಿನ ಪಾಕ ಹಿಡಿದವಳು. ಬೆಲ್ಲದ ಪಾಕ ಸ್ವಲ್ಪ ಹೆಚ್ಚಾದರೆ ಕರದಂಟು ಕಲ್ಲಾಗುತ್ತದೆ, ಕಡಿಮೆಯಾದರೆ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ದಾನಮ್ಮ ಗಡಿಯಾರ ನೋಡುತ್ತಿರಲಿಲ್ಲ. ಸೌಟಿನಿಂದ ಇಳಿಯುವ ಎಳೆಯ ಕಡೆ ಒಮ್ಮೆ ಕಣ್ಣು ಹಾಯಿಸಿ 'ಇಳಸ್ರಿ' ಅನ್ನುತ್ತಿದ್ದಳು, ಅಷ್ಟೆ. 'ನೀ ನಮ್ಮ ಮನಿ ಮಗಳಿದ್ದಂಗ' ಎಂದು ಅಂಗಡಿಯವರು ಅಷ್ಟೂ ವರ್ಷ ಹೇಳಿದರು. ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ಜಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಟ್ಟರು. ಆ ದಿನ ಮನೆಮಗಳಿಗೆ ಒಂದು ಕಪ್ ಚಹಾ ಸಹ ಸಿಗಲಿಲ್ಲ.

ಅದೇ ತಿಂಗಳು ಬಾಗಲಕೋಟೆಯ ನವನಗರದಲ್ಲಿ ಶಂಕ್ರಪ್ಪ ಎಂಬಾತ ಕರದಂಟಿನ ಫ್ಯಾಕ್ಟರಿ ಕಟ್ಟಿಸಿ ಮುಗಿಸಿದ್ದ. ಪ್ಲಾಟು ಮಾರಿ ದುಡ್ಡು ಮಾಡಿದ ಆಸಾಮಿ. ಕರದಂಟಿಗೆ ಹಾಕುವ ಅಂಟು ಯಾವ ಗಿಡದ್ದು ಎಂದು ಅವನಿಗೆ ಗೊತ್ತಿರಲಿಲ್ಲ, ಡಬ್ಬಿಯ ಮೇಲೆ ತನ್ನ ಫೋಟೋ ಎಷ್ಟು ದೊಡ್ಡದಿರಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಪಾಕ ಹಿಡಿಯುವವರಿಲ್ಲದೆ ದಾನಮ್ಮನನ್ನು ಕರೆಸಿದ.

ಅವಳು ಸುಮ್ಮನೆ ಹೋಗಲಿಲ್ಲ. ಬಾದಾಮಿಯ ಹೋಟೆಲೊಂದರಲ್ಲಿ ಅಡಿಗೆ ಮಾಡುವ ಬಾಬುಸಾಬನಿಗೆ ಫೋನು ಮಾಡಿ, ಇಳಕಲ್ಲಿನ ಬೇಕರಿಗಳಲ್ಲಿ ವಿಚಾರಿಸಿ, ಇಂಥ ಕೈಕೆಲಸಕ್ಕೆ ಈಗ ಎಷ್ಟು ಪಗಾರ ನಡೆದಿದೆ ಎಂದು ತಿಳಿದುಕೊಂಡೇ ಹೋದಳು.

"ಅಲ್ಲಿ ಎಷ್ಟ್ ಪಗಾರ ಇತ್ತು?" ಶಂಕ್ರಪ್ಪ ಕೇಳಿದ.

"ಅಲ್ಲಿದ್ದು ಅಲ್ಲೇ ಮುಗೀತ್ರಿ. ಈ ಕೆಲಸಕ್ಕ ಎಷ್ಟ್ ಕೊಡ್ತೀರಿ, ಅದನ್ನ ಹೇಳ್ರಿ."

"ಹನ್ನೆರಡು ಸಾವಿರ." ಹೊಲ ಬರೆದುಕೊಟ್ಟವನ ಗತ್ತಿನಲ್ಲಿ ಅವನು ಕುರ್ಚಿಗೆ ಒರಗಿದ.

"ಇಪ್ಪತ್ನಾಲ್ಕು ಕೊಡ್ರಿ."

"ಇಪ್ಪತ್ನಾಲ್ಕಾ! ಹೆಣ್ಮಗಳು ನೀ, ಅಷ್ಟ್ಯಾಕ? ಬಸ್ಸೂ ಹೆಣ್ಮಕ್ಕಳಿಗ ಪುಕ್ಕಟೆ ಐತಿ."

"ಬಸ್ಸು ಸರಕಾರ ಪುಕ್ಕಟೆ ಮಾಡೇತ್ರಿ. ನನ್ನ ಕೈ ಯಾರೂ ಪುಕ್ಕಟೆ ಮಾಡಿಲ್ಲ."

ಆಗ ಶಂಕ್ರಪ್ಪ ದನಿ ಮೆತ್ತಗೆ ಮಾಡಿದ. "ನೋಡವಾ, ಇಲ್ಲಿ ನಾವೆಲ್ಲಾ ಒಂದ ಮನಿ ಮಂದಿ ಇದ್ದಂಗ..."

ಆ ಮಾತು ಕಿವಿಗೆ ಬಿದ್ದದ್ದೇ ದಾನಮ್ಮ ಎದ್ದು ನಿಂತಳು. "ವಿಚಾರ ಮಾಡಿ ಫೋನ್ ಮಾಡ್ರಿ" ಎಂದು ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು.

ಶಂಕ್ರಪ್ಪ ಫೋನು ಮಾಡಿದ, ಆದರೆ ಅವಳಿಗಲ್ಲ, ಅವಳ ಗಂಡ ಸೋಮಲಿಂಗನಿಗೆ. ಸೋಮಲಿಂಗನದು ಕುರಿ ವ್ಯಾಪಾರ. ಅಮೀನಗಡದ ಸಂತೆಯಲ್ಲಿ ಒಂದು ಟಗರಿಗೆ ನೂರು ರೂಪಾಯಿ ಹೆಚ್ಚಿಗೆ ಬರಲೆಂದು ಒಂದು ತಾಸು ಗಂಟಲು ಹರಿದುಕೊಳ್ಳುವ ಮನುಷ್ಯ. ಹೆಂಡತಿಯ ದುಡಿಮೆಯ ಚೌಕಾಸಿಯನ್ನು ಮಾತ್ರ ಒಂದು ಪ್ಲೇಟು ಗಿರಮಿಟ್ಟಿನ ಮುಂದೆ ಕೂತು ಮುಗಿಸಿ ಬಂದ.

"ಹದಿನಾಲ್ಕಕ್ಕ ಒಪ್ಪಿಸೀನಿ. ಸಾಹುಕಾರ ಭಾಳ ಒಳ್ಳೇಂವ" ಎಂದು ಮೀಸೆ ಒರೆಸಿಕೊಂಡ.

ದಾನಮ್ಮ ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನು ಅಂದು ಅವಳಿಗೆ ತೀರಾ ಸಣ್ಣವನಾಗಿ ಕಂಡ. "ನಾಳೆ ನೀನೂ ಬಾ" ಎಂದಳು, ಅಷ್ಟೆ.

ಮರುದಿನ ಫ್ಯಾಕ್ಟರಿಯಲ್ಲಿ ಒಲೆ ಹೊತ್ತಿತ್ತು, ಬೆಲ್ಲ ಕರಗುತ್ತಿತ್ತು. ಇನ್ನೆರಡು ದಿನಕ್ಕೆ ಉದ್ಘಾಟನೆ. ದಾನಮ್ಮ ಸೌಟನ್ನು ತೆಗೆದು ಗಂಡನ ಕೈಗಿಟ್ಟಳು.

"ಕರಾರು ಇವರ ಜೋಡಿ ಆಗೇತಿ, ಸಾಹುಕಾರ್ರ. ಪಾಕಾನೂ ಇವರ ಹಿಡೀಲಿ."

ಶಂಕ್ರಪ್ಪ ನಕ್ಕ. "ಹಿಡೀಲಿ ಬಿಡು. ಬೆಲ್ಲ ತಿರವೂದು ಏನು ದೊಡ್ಡ ವಿದ್ಯಾ!"

ಗಂಡಸರಿಬ್ಬರೂ ಕೊಪ್ಪರಿಗೆಯ ಸುತ್ತ ನಿಂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಾ ಮೂವತ್ತು ಕಿಲೋ ಬೆಲ್ಲವನ್ನು ಕುದಿಸಿದರು. ದಾನಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಗೋಡಂಬಿ, ಅಂಜೂರ, ಕೊಬ್ಬರಿ, ಹುರಿದ ಅಂಟು ಎಲ್ಲ ಸುರಿದದ್ದೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಪರಾತದಿಂದ ಎಬ್ಬಿಸಲು ಸುತ್ತಿಗೆ ಬೇಕಾಯಿತು. ಸೋಮಲಿಂಗ ಅಂಗಿಯ ತೋಳಿಗೆ ಅಂಟಿದ ಪಾಕವನ್ನು ಕೆರೆಯುತ್ತಾ ಹೊರಗೆ ಹೋದವನು ಒಳಗೆ ಬರಲಿಲ್ಲ.

"ಹದಿನೆಂಟು ಕೊಡ್ತೇನಿ" ಎಂದ ಶಂಕ್ರಪ್ಪ. ದಾನಮ್ಮ ಸ್ಟೂಲಿನಿಂದ ಎದ್ದಳು. "ಇಪ್ಪತ್ತು." ಅವಳು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ಇಪ್ಪತ್ತೆರಡಕ್ಕೆ ನಿಂತಿತು, ಪಿಎಫ್ ಬೇರೆ.

ಅಲ್ಲಿಗೂ ಆತನ ಸಣ್ಣತನ ಮುಗಿಯಲಿಲ್ಲ. ಬರೆದುಕೊಟ್ಟ ಪತ್ರದಲ್ಲಿ 'ಸಹಾಯಕಿ' ಎಂದಿತ್ತು, ಮೊದಲ ಮೂರು ತಿಂಗಳು ಅರ್ಧ ಪಗಾರ ಎಂದಿತ್ತು. ಏಳನೇ ಇಯತ್ತೆ ಓದಿದ ದಾನಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿ ಪತ್ರ ಹಿಂದಿರುಗಿಸಿದಳು. ಎರಡು ಸಲ ತಿದ್ದಿಸಿ, ಮೂರನೆಯದಕ್ಕೆ ಸಹಿ ಹಾಕಿದಳು. ಈಗ ಅದರಲ್ಲಿ 'ಮುಖ್ಯ ಪಾಕತಜ್ಞೆ' ಎಂದಿದೆ.

"ನಿಮ್ಮ ಪಗಾರ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಶಂಕ್ರಪ್ಪ ಅವಳನ್ನು ಕೇಳಿಕೊಂಡ. ಬಹುವಚನ ಬಂದದ್ದು ಅಂದೇ.

ಒಂದು ತಿಂಗಳ ಮೇಲೆ ಮರೋಳದಿಂದ ಹನಮವ್ವ ಎಂಬ ಹೆಂಗಸು ಕೊಬ್ಬರಿ ತುರಿಯುವ ಕೆಲಸಕ್ಕೆ ಸೇರಿದಳು. ಒಂಬತ್ತು ಸಾವಿರಕ್ಕೆ ತುಟಿ ಬಿಚ್ಚದೆ ಒಪ್ಪಿಕೊಂಡು ಬಂದಿದ್ದಳು. ಬುತ್ತಿ ಬಿಚ್ಚುವಾಗ ಅಂಜುತ್ತಾ ಕೇಳಿದಳು: "ಅಕ್ಕಾ, ನಿನಗೆಷ್ಟು ಕೊಡ್ತಾರ?"

ಗಾಜಿನ ಕೋಣೆಯೊಳಗೆ ಶಂಕ್ರಪ್ಪ ತಲೆ ಎತ್ತಿದ್ದು ದಾನಮ್ಮನಿಗೆ ಕಂಡಿತು. ಅವಳು ರೊಟ್ಟಿ ಮುರಿಯುತ್ತಾ, ಪ್ಯಾಕಿಂಗ್ ಹುಡುಗಿಯರಿಗೂ ಕೇಳುವ ಹಾಗೆ ಹೇಳಿದಳು:

"ಇಪ್ಪತ್ತೆರಡು ಸಾವಿರ. ಅದೂ ಎರಡು ಸಾವಿರ ಕಡಿಮಿನ. ನೀ ಉಂಡು ಕೈ ತೊಳಕೊಂಡು ಒಳಗ ಹೋಗಿ ಕೇಳು."