ಅತ್ತೆಯ ಹರಕೆ, ಸೊಸೆಯ ವೀಸಾ

ಕೊರೊನಾ ಮುಗಿದ ಮರುವರ್ಷ. ಗಂಗಾವತಿಯಲ್ಲಿ ವಕೀಲನಾಗಿದ್ದ ನನ್ನ ಬಳಿಗೆ ಗದ್ದೆ ತಕರಾರು, ಚೆಕ್ ಬೌನ್ಸ್ ಬಿಟ್ಟರೆ ಬೇರೆ ಕೇಸು ಬರುತ್ತಿದ್ದುದು ಕಡಿಮೆ. ಒಂದು ದಿನ ಸಾಣಾಪುರದ ಶರಣಪ್ಪ ತನ್ನ ತಾಯಿ ಗಂಗಮ್ಮನನ್ನೂ ಹೆಂಡತಿ ಎಲೀನಾಳನ್ನೂ ಕರೆದುಕೊಂಡು ಬಂದ. ಎಲೀನಾ ಪೋಲೆಂಡಿನವಳು. ಅವರಿಗೆ ಎರಡು ವರ್ಷದ ಮಗಳು. ಎಲೀನಾಳ ವೀಸಾ ರದ್ದಾಗಿತ್ತು, ಮಗುವನ್ನು ಬಿಟ್ಟು ಎರಡು ವಾರದೊಳಗೆ ದೇಶದಿಂದ ಹೊರಡಬೇಕಿತ್ತು. ಕೊಟ್ಟ ಕಾರಣ ಇಷ್ಟೇ: ನಡತೆ ಸರಿಯಿಲ್ಲ.

ಎಂಥ ನಡತೆ ಎಂದು ಕೇಳಲು ಕೊಪ್ಪಳದ ವಿದೇಶಿಯರ ನೋಂದಣಿ ಕಚೇರಿಗೆ ಹೋದೆ. ಎಲೀನಾಳ ಬಗ್ಗೆ ವರದಿ ಬರೆದಿದ್ದ ಅಧಿಕಾರಿ ನನಗೆ ಕೂರಲೂ ಹೇಳಲಿಲ್ಲ.

"ಪರದೇಶದಾಕಿ ಊರಾಗ ಭಿಕ್ಷಾ ಬೇಡ್ಯಾಳ. ಫೋಟೊ ಐತಿ. ಹೆಚ್ಚಿಗಿ ಹೇಳೂದು ನಮ್ಮ ಕೆಲಸಲ್ಲ," ಎಂದ.

ಫೋಟೊದಲ್ಲಿ ಎಲೀನಾಳ ಕೊರಳಲ್ಲಿದ್ದ ಕೆಂಪು ದಾರ ಕಂಡು ನನಗೆ ಮೈ ಉರಿಯಿತು. ಮೊಹರಂನಲ್ಲಿ ಹರಕೆ ಹೊತ್ತವರು ಕೊರಳಿಗೆ ಲಾಡಿ, ಅಂದರೆ ಕೆಂಪು ದಾರ, ಹಾಕಿಕೊಂಡು ಫಕೀರರಾಗಿ ಐದು ಮನೆ ಬೇಡುತ್ತಾರೆ. ನಮ್ಮ ಕಡೆ ಹಿಂದೂಗಳು, ಮುಸ್ಲಿಮರು ಇಬ್ಬರೂ ಇದನ್ನು ಮಾಡುತ್ತಾರೆ. ಆ ಅಧಿಕಾರಿ ಇದೇ ಜಿಲ್ಲೆಯ ಕುಷ್ಟಗಿ ಕಡೆಯವನೇ, ಇದು ಗೊತ್ತಿಲ್ಲದವನಲ್ಲ. ಮಲಗಿದವನನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವನನ್ನು ಎಬ್ಬಿಸುವುದು ಹೇಗೆ?

ವಿದೇಶಿಯರ ವಿಷಯದಲ್ಲಿ ಸರ್ಕಾರದ ಅಧಿಕಾರ ದೊಡ್ಡದು, ಒಪ್ಪುತ್ತೇನೆ. ವೀಸಾ ಕೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಸಂವಿಧಾನದ ಹದಿನಾಲ್ಕು ಮತ್ತು ಇಪ್ಪತ್ತೊಂದನೇ ವಿಧಿಗಳು 'ನಾಗರಿಕ' ಎನ್ನುವುದಿಲ್ಲ, 'ವ್ಯಕ್ತಿ' ಎನ್ನುತ್ತವೆ. ಕೊಟ್ಟ ವೀಸಾ ಕಿತ್ತುಕೊಳ್ಳುವ ಮೊದಲು ತಪ್ಪೇನೆಂದು ಹೇಳಬೇಕು, ಉತ್ತರ ಕೇಳಬೇಕು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೀಗೆಂದು ರಿಟ್ ಅರ್ಜಿ ಹಾಕಿದೆ. ಸರ್ಕಾರಿ ವಕೀಲರು ದೇಶದ ಸುರಕ್ಷತೆ ಎಂದು ಶುರುಮಾಡಿದರು.

"ಭಿಕ್ಷೆ ಬೇಡಿದರೆ ದೇಶಕ್ಕೆ ಏನಾಗುತ್ತದೆ?" ಎಂದು ನ್ಯಾಯಮೂರ್ತಿಗಳು ಕೇಳಿದರು. ರದ್ದತಿ ಆದೇಶ ಬಿದ್ದುಹೋಯಿತು. ಆಕೆಯ ಮಾತು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದರು.

ಕೇಳಿ ವರದಿ ಕೊಡಬೇಕಾದವನು ಮತ್ತೆ ಅದೇ ಅಧಿಕಾರಿ! ವಿಚಾರಣೆಯ ದಿನ ಎಲೀನಾಳನ್ನು ನಿಲ್ಲಿಸಿಕೊಂಡೇ ಗದರಿದ: "ಯಾಕ ಬೇಡಿದಿ? ಮನ್ಯಾಗ ಕೂಳಿಲ್ಲೇನು?"

ಆಕೆ ಬಾಯಿ ತೆರೆಯುವ ಮೊದಲೇ ಗಂಗಮ್ಮ ಗೋಡೆ ಹಿಡಿದು ಎದ್ದಳು.

"ಹರಕಿ ನಂದ್ರಿ ಸಾಹೇಬ್ರ. ಮೊಮ್ಮಗಳಿಗೆ ಜ್ವರ ಬಂದಾಗ ಹೊತ್ತಿದ್ದೆ. ನನಗ ಮಣಕಾಲು ಏಳಂಗಿಲ್ಲ, ನನ್ನ ಬದ್ಲಿ ಅಕಿ ಹೋದ್ಳು. ಅತ್ತಿ ಹರಕಿ ಸೊಸಿ ತೀರ್ಸಿದ್ರ ನಡತಿ ಕೆಟ್ಟಂಗಾತೇನ್ರಿ? ನಿಮ್ಮವ್ವ ಎಂದೂ ಲಾಡಿ ಹಾಕಿಲ್ಲೇನು?"

ಅಧಿಕಾರಿ ತಲೆ ತಗ್ಗಿಸಿದ. ಹಾಕಿದ್ದಳೆಂದು ಕಾಣುತ್ತದೆ. ತಿಂಗಳೊಳಗೆ ವೀಸಾ ಮರಳಿ ಬಂತು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ, ಅವನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಮುಂದಿನ ಮೊಹರಂಗೆ ಸಾಣಾಪುರದಲ್ಲಿ ಅವರ ಮನೆಗೆ ಹೋಗಿದ್ದೆ. ಮೆರವಣಿಗೆಯ ಹಲಗೆ ವಾದ್ಯದ ಸದ್ದು ಓಣಿಗೆ ಬರುತ್ತಿದ್ದಂತೆ ಎಲೀನಾ ಮಗಳನ್ನೆತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಯಾರರ ಫೋಟೊ ತಗೀತಾರಂತ ಅಂಜ್ತಾಳ್ರಿ," ಎಂದಳು ಗಂಗಮ್ಮ.

ಸರ್ಕಾರದ ಕೈಯನ್ನು ಕಾನೂನು ಹಿಡಿದು ನಿಲ್ಲಿಸಬಲ್ಲದು, ನಾನೇ ನಿಲ್ಲಿಸಿದ್ದೇನೆ. ಒಂದು ಮನೆಗೆ ಹೊಕ್ಕ ಹೆದರಿಕೆಯನ್ನು ಹೊರಗೆ ಹಾಕುವ ರಿಟ್ ಯಾವುದೆಂದು ಇಷ್ಟು ವರ್ಷ ವಕೀಲಿ ಮಾಡಿಯೂ ನನಗೆ ಗೊತ್ತಾಗಲಿಲ್ಲ.